ಮಾರ್ಗಯ್ಯ ಸೋತನಾ, ಇಲ್ಲಾ ಹೊರಟ ಜಾಗಕ್ಕೇ ವಾಪಸ್ ಬಂದನಾ?

ಹಳೇಪುಸ್ತಕದ ಹುಚ್ಚ

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿಕೊಂಡು ಆರ್. ಕೆ. ನಾರಾಯಣ್ ಅವರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಮುಗಿಸಿದೆ. ಇದು ಮೂರನೇ ಸಲ. ಕಾಲೇಜಿನಲ್ಲಿ ಓದಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಓದಿದಾಗ ಸ್ವಲ್ಪ ಹೆದರಿಕೆ ಆಯಿತು. ಈ ಸಲ ಕೊನೆಯ ಪುಟದ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗೆ ಕಥೆ ಚಿಕ್ಕದಾಗಿ. ಪುಸ್ತಕ ಬಂದಿದ್ದು 1952ರಲ್ಲಿ. ಮಾಲ್ಗುಡಿಯ ಭೂ ಅಡಮಾನ ಸಹಕಾರಿ ಬ್ಯಾಂಕಿನ ಎದುರು ಒಂದು ಆಲದ ಮರ. ಅದರ ಕೆಳಗೆ ಬಣ್ಣ ಹೋದ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಮಾರ್ಗಯ್ಯ ಕೂರುತ್ತಾನೆ. ಪೆಟ್ಟಿಗೆಯಲ್ಲಿ ಬ್ಯಾಂಕಿನ ಅರ್ಜಿ ಫಾರಂ, ಮಸಿ ಬಾಟಲಿ, ಪೆನ್ನು, ಒಂದು ಲೆಕ್ಕದ ಪುಸ್ತಕ. ರೈತರಿಗೆ ಫಾರಂ ತುಂಬಿಕೊಡುತ್ತಾನೆ, ಹಳೇ ಸಾಲ ತೀರಿಸಲು ಹೊಸ ಸಾಲದ ದಾರಿ ತೋರಿಸುತ್ತಾನೆ. ದಾರಿ ತೋರಿಸುವವನು, ಅದಕ್ಕೇ ಮಾರ್ಗ-ಅಯ್ಯ. ಬ್ಯಾಂಕಿನ ಸೆಕ್ರೆಟರಿ ಗದರಿಸುತ್ತಾನೆ, ಜವಾನ ಅರುಳ್ ದಾಸ್ ಕೂಡ ದಬಾಯಿಸುತ್ತಾನೆ. ಅವಮಾನ ಆದ ಮೇಲೆ ಮಾರ್ಗಯ್ಯನಿಗೆ ಒಂದೇ ಹುಚ್ಚು: ದುಡ್ಡು. ಅಷ್ಟರಲ್ಲಿ ಮುದ್ದಿನ ಮಗ ಬಾಲು ಆ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋಗಿ ಚರಂಡಿಗೆ ಹಾಕುತ್ತಾನೆ. ವ್ಯಾಪಾರ ಅಲ್ಲಿಗೆ ಖಲಾಸ್.

ಆಮೇಲೆ ಪೂಜಾರಿ ಹೇಳಿದ ಹಾಗೆ 40 ದಿನ ಲಕ್ಷ್ಮಿ ಜಪ. ಅದಕ್ಕೆ ಬೇಕಾದ ಕೆಂಪು ತಾವರೆ ಹುಡುಕಿಕೊಂಡು ಕೊಳಕ್ಕೆ ಹೋದರೆ ಅಲ್ಲಿ ಡಾಕ್ಟರ್ ಪಾಲ್ ಸಿಗುತ್ತಾನೆ. ಅವನ ಕೈಯಲ್ಲಿ ದಾಂಪತ್ಯ ಸುಖದ ಬಗ್ಗೆ ಒಂದು ಹಸ್ತಪ್ರತಿ. ಮಾರ್ಗಯ್ಯ ಜೇಬಿನಲ್ಲಿದ್ದ ಪುಡಿಗಾಸು ಕೊಟ್ಟು ಅದನ್ನು ಕೊಳ್ಳುತ್ತಾನೆ, ಮದನ್ ಲಾಲ್ ಎಂಬ ಮುದ್ರಕ ‘ಡೊಮೆಸ್ಟಿಕ್ ಹಾರ್ಮನಿ’ ಅಂತ ಮರ್ಯಾದಸ್ಥ ಹೆಸರಿಟ್ಟು ಅಚ್ಚು ಹಾಕುತ್ತಾನೆ, ದುಡ್ಡು ಸುರಿಯುತ್ತದೆ. ಮುಂದೆ ಠೇವಣಿ ವ್ಯವಹಾರ, ನೂರಕ್ಕೆ 20ರ ಬಡ್ಡಿ, ಮನೆ ತುಂಬ ನೋಟಿನ ಕಂತೆ. ಒಂದು ದಿನ ಎಲ್ಲರೂ ಒಟ್ಟಿಗೆ ದುಡ್ಡು ವಾಪಸ್ ಕೇಳುತ್ತಾರೆ. ಅಷ್ಟೇ.

ಕೊನೆಯಲ್ಲಿ ಮಾರ್ಗಯ್ಯ ಮಗನಿಗೆ ಹೇಳುತ್ತಾನೆ: ಪೆಟ್ಟಿಗೆ ಇದೆ, ಪೆನ್ನು ಮಸಿ ತಗೊಂಡು ಆ ಮರದ ಕೆಳಗೆ ಹೋಗಿ ಕೂತುಕೋ. ಜನ ಏನಂದಾರು ಅಂತ ಮಗ ಹಿಂಜರಿಯುತ್ತಾನೆ. ಹಾಗಾದರೆ ಏಳುವ ಶಕ್ತಿ ಬಂದ ಮೇಲೆ ನಾನೇ ಹೋಗುತ್ತೇನೆ ಅಂತ ಹೇಳಿ, ಮೊಮ್ಮಗನನ್ನು ಕರೆದುಕೊಂಡು ಬಾ, ಆಡಿಸುತ್ತೇನೆ ಅನ್ನುತ್ತಾನೆ. ಅಳು ಇಲ್ಲ, ಬುದ್ಧಿಮಾತಿಲ್ಲ.

ಇದು ಸೋಲಾ? ಇಷ್ಟು ಗೇಲಿ ಮಾಡಿದ ಮೇಲೆ ನಾರಾಯಣ್ ಅವನನ್ನು ಸುಮ್ನೆ ಬಿಟ್ಟುಬಿಟ್ಟರಾ?

ಸುಮ್ನೆ ಒಬ್ಬ

ಚರಂಡಿಗೆ ಪುಸ್ತಕ ಎಸೆದಿದ್ದು ಜವಾನ ಅಂತ ನೆನಪಿತ್ತು. ಮಗನಾ? ನಾನು ಓದಿದ್ದೀನೋ ಇಲ್ಲವೋ ಅಂತಲೇ ಅನುಮಾನ ಬರ್ತಿದೆ.

ಹಳೇಪುಸ್ತಕದ ಹುಚ್ಚ

ಮಗನೇ. ಅದೂ ಎರಡು ಸಲ! ಚಿಕ್ಕವನಿದ್ದಾಗ ಅಪ್ಪನ ಲೆಕ್ಕದ ಪುಸ್ತಕ. ದೊಡ್ಡವನಾದ ಮೇಲೆ ತನ್ನದೇ ಎಸ್‌ಎಸ್‌ಎಲ್‌ಸಿ ಪುಸ್ತಕ, ಹರಿದು ಅದೇ ಚರಂಡಿಗೆ. ಎರಡೂ ಅಪ್ಪನ ಆಸೆಯೇ, ಅಲ್ವಾ? ಒಂದು ದುಡ್ಡಿನ ಆಸೆ, ಇನ್ನೊಂದು ಮಗ ದೊಡ್ಡ ಮನುಷ್ಯ ಆಗಲಿ ಅನ್ನೋದು. ಚರಂಡಿ ಇದ್ದಲ್ಲೇ ಇರುತ್ತದೆ, ಅಷ್ಟೇ.

ನಿವೃತ್ತ ಗುಮಾಸ್ತ

ನಾನು ಸಾಹಿತ್ಯದವನಲ್ಲ. 31 ವರ್ಷ ಪಿಎಲ್‌ಡಿ ಬ್ಯಾಂಕಿನಲ್ಲಿ ಕೂತವನು, ಮೊದಲಿಗೆ ಅದನ್ನೇ ಭೂ ಅಡಮಾನ ಬ್ಯಾಂಕ್ ಅನ್ನುತ್ತಿದ್ದರು. ಮಗಳು ಈ ಪುಸ್ತಕ ಕೊಟ್ಟಾಗ ಮೊದಲ 20 ಪುಟಕ್ಕೇ ನಾನು ಎದ್ದು ಕೂತೆ. ಇಷ್ಟು ಸರಿಯಾಗಿ ಇವರಿಗೆ ಹೇಗೆ ಗೊತ್ತಾಯಿತು ಅಂತ.

ನಿಮಗೆಲ್ಲ ಮಾರ್ಗಯ್ಯ ತಮಾಷೆಯಾಗಿ ಕಾಣುತ್ತಾನೆ. ನಮ್ಮ ಬ್ಯಾಂಕಿನ ಮುಂದೆಯೂ ಒಬ್ಬರಿದ್ದರು. ಮರ ಅಲ್ಲ, ಟೀ ಅಂಗಡಿಯ ಬೆಂಚು. ಒಂದು ರೆಕ್ಸಿನ್ ಚೀಲ, ಅದರಲ್ಲಿ ಸ್ಟ್ಯಾಂಪ್ ಪ್ಯಾಡು, ಕಾರ್ಬನ್ ಹಾಳೆ, ಒದ್ದೆ ಬಟ್ಟೆಯ ತುಂಡು. ಹೆಬ್ಬೆಟ್ಟು ಒತ್ತಿದ ಮೇಲೆ ರೈತರ ಬೆರಳು ಒರೆಸಲು ಆ ಬಟ್ಟೆ. ನಾವು ಒಳಗಿನವರು ಯಾರೂ ಅದನ್ನು ಇಟ್ಟುಕೊಂಡಿರಲಿಲ್ಲ. ರೈತ ಬಂದರೆ ನೀಲಿ ಬೆರಳು ಪಂಚೆಗೆ ಒರೆಸಿಕೊಂಡು ಹೋಗಬೇಕಿತ್ತು. ಜನ ಅವರ ಹತ್ತಿರ ಯಾಕೆ ಹೋಗುತ್ತಿದ್ದರು ಅಂತ ಇದರಲ್ಲೇ ತಿಳಿಯುತ್ತದೆ. ನಮ್ಮ ನಿಯಮ ನಮ್ಮ ಮ್ಯಾನೇಜರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಮಾರ್ಚ್ ಬಂತೆಂದರೆ ಅವರದು ಸುಗ್ಗಿ. ರೈತನ ಹಳೇ ಸಾಲ ಬಾಕಿ ಇದೆ, ಕಟ್ಟಲು ದುಡ್ಡಿಲ್ಲ. ಊರಿನ ಒಬ್ಬ ಸಾಹುಕಾರನಿಂದ ಇವರು ಎರಡು ದಿನದ ಮಟ್ಟಿಗೆ ಕೈಗಡ ಕೊಡಿಸುತ್ತಿದ್ದರು. ಇವತ್ತು ಸಾಲ ಚುಕ್ತಾ. ನಾಳೆಯೋ ನಾಡಿದ್ದೋ ಅದೇ ರೈತನ ಹೆಸರಲ್ಲಿ ಹೊಸ ಸಾಲ ಮಂಜೂರು. ಆ ದುಡ್ಡು ನೇರ ಸಾಹುಕಾರನಿಗೆ, ಮೇಲೊಂದಿಷ್ಟು ಸೇರಿಸಿ. ಪುಸ್ತಕದಲ್ಲಿ ವಸೂಲಾತಿ ಚೊಕ್ಕ. ರೈತನ ಕೈಗೆ ಬಂದಿದ್ದು ಹೊಸ ಪಾಸ್‌ಬುಕ್ಕು ಮಾತ್ರ. ಬುಕ್ ಅಡ್ಜಸ್ಟ್‌ಮೆಂಟ್ ಅಂತ ನಾವೇ ಅದಕ್ಕೆ ಹೆಸರಿಟ್ಟಿದ್ದೆವು. ಈ ಕೂಟದಲ್ಲಿ ನಮ್ಮದೂ ಸಹಿ ಇರುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಹಾಗಾಗಿ ನನಗೆ ಆ ಪುಸ್ತಕದ ಗೇಲಿ ಮಾರ್ಗಯ್ಯನ ಮೇಲೆ ಅಂತ ಅನ್ನಿಸಲೇ ಇಲ್ಲ. ಲೇವಾದೇವಿ ಮಾಡುವವರ ಕೈಯಿಂದ ರೈತರನ್ನು ಬಿಡಿಸಲು ಸಹಕಾರಿ ಬ್ಯಾಂಕು ಮಾಡಿದರು. ಆ ಬ್ಯಾಂಕಿನ ಗೇಟಿನ ಎದುರಿಗೇ ಲೇವಾದೇವಿಯವನು ಚಾಪೆ ಹಾಸಿದ. ನಗು ಇರುವುದು ಅಲ್ಲಿ.

ಹುಬ್ಬಳ್ಳಿ ಮಂದಿ

ಗುಮಾಸ್ತ ಸರ್, ಭಾಳ ಚಲೋ ಬರೆದೀರಿ. ಒಂದು ಮಾತು ಸೇರಿಸ್ತೀನಿ. 1905ರಾಗ ಗದಗ ಹತ್ತಿರದ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ನಮ್ಮ ಕಡೆ ಮಂದಿಗೆ ಅದು ಈಗಲೂ ಹೆಮ್ಮೆ. ಹಂಗ ಶುರುವಾದ ಚಳವಳಿ 50 ವರ್ಷದಾಗ ಒಂದು ಕಾದಂಬರಿಯ ನಗೆಗೆ ಸರಕಾತು ನೋಡ್ರಿ.

ಆದರ ನನಗ ನಾರಾಯಣರ ಬಗ್ಗೆ ಒಂದು ತಕರಾರು ಅದ. ಇದನ್ನ ವಿಡಂಬನೆ ಅನ್ನಾಕ ಬರೂದಿಲ್ಲ. ವಿಡಂಬನೆ ಅಂದ್ರ ಓದಿದವಗ ಎಲ್ಲೋ ಚುಚ್ಚಬೇಕು. ಇವರದು ಜಗಲಿ ಮ್ಯಾಲೆ ಕುಂತು ಮಾಡೋ ಕುಶಾಲು. ಯಾರಿಗೂ ನೋವಾಗೂದಿಲ್ಲ. ಎಲ್ಲಾರೂ ಸೋತು ಮನಿಗೆ ಬರ್ತಾರ, ಊಟ ಮಾಡಿ ಮಲಗ್ತಾರ.

ಕೋಡ್ ಕೂಲಿ

ಯಾರಿಗೂ ನೋವಾಗಲ್ಲ ಅಂತೀರಾ ಅಣ್ಣಾ? ನನಗಾಗಿದೆ.

ಅಪ್ಪ ನಿವೃತ್ತರಾದಾಗ ಬಂದ ದುಡ್ಡಿನಲ್ಲಿ ಮುಕ್ಕಾಲು ಭಾಗ ಊರಿನ ಒಂದು ಫೈನಾನ್ಸಿಗೆ ಹಾಕಿದ್ದರು. ಹೆಸರು ಬೇಡ. ಬ್ಯಾಂಕಿಗಿಂತ ದುಪ್ಪಟ್ಟು ಬಡ್ಡಿ. ಮೊದಲ ಎರಡು ವರ್ಷ ತಿಂಗಳ ಮೊದಲ ವಾರಕ್ಕೆ ಸರಿಯಾಗಿ ಬಂತು. ದೀಪಾವಳಿಗೆ ಸಿಹಿ ಡಬ್ಬ ಬೇರೆ. ಒಂದು ಬೆಳಿಗ್ಗೆ ಷಟರ್ ಎಳೆದಿತ್ತು, ಮೇಲೆ ಒಂದು ಚೀಟಿ ಅಂಟಿಸಿದ್ದರು. ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ಹಾಕಿಸಿಕೊಂಡು, ಕೊಡೆ ಹಿಡಿದುಕೊಂಡು, ನಾಲ್ಕು ದಿನ ಆ ಷಟರ್ ಮುಂದೆ ಸಾಲಿನಲ್ಲಿ ನಿಂತರು. ಸಾಲಿನಲ್ಲಿದ್ದವರಿಗೂ ಕಾಫಿ ಹಂಚಿದರು. ನಾಲ್ಕನೇ ದಿನ ಮನೆಗೆ ಬಂದು ಫ್ಲಾಸ್ಕ್ ತೊಳೆದು ಮೇಲಿಟ್ಟರು. ಆಮೇಲೆ ಆ ಮಾತೇ ಎತ್ತಲಿಲ್ಲ.

ಈ ಕಾದಂಬರಿಯಲ್ಲಿ ಮಾರ್ಗಯ್ಯನ ಲೆಕ್ಕ ನೋಡಿ. ದಿನಾ ಒಳಗೆ ಬರುವ ಠೇವಣಿ, ಹೊರಗೆ ಹೋಗುವ ಬಡ್ಡಿಗಿಂತ ಜಾಸ್ತಿ ಇದ್ದರೆ ಉಳಿದಿದ್ದೆಲ್ಲ ತನ್ನದು. ನಾಳೆ ಯಾರೂ ಬರದಿದ್ದರೆ? ಆ ಪ್ರಶ್ನೆಯನ್ನು ಅವನು ಕೇಳಿಕೊಳ್ಳುವುದೇ ಇಲ್ಲ. ದುಡ್ಡು ಹಾಕಿದವರೂ ಕೇಳುವುದಿಲ್ಲ. ಅವರಲ್ಲಿ ಎಷ್ಟೋ ಜನ ಯುದ್ಧದ ಕಾಲದಲ್ಲಿ ಕಪ್ಪು ಹಣ ಮಾಡಿಕೊಂಡವರು, ಎಲ್ಲಿ ಬಚ್ಚಿಡುವುದು ಅಂತ ಹುಡುಕುತ್ತಿದ್ದವರು. ನಮ್ಮಪ್ಪನದು ಕಪ್ಪು ಹಣ ಅಲ್ಲ. ಆದರೆ ಆಸೆ? ಅದು ಇತ್ತು. ಅದನ್ನು ಓದುವಾಗ ನನಗೆ ಚುಚ್ಚಿತು.

ಹುಬ್ಬಳ್ಳಿ ಮಂದಿ

ತಮ್ಮಾ, ಮನಸ್ಸಿಗೆ ಹಚ್ಕೋಬ್ಯಾಡ. ನಾ ಹೇಳಿದ್ದು ಪುಸ್ತಕದ ಮಾತು. ಅಪ್ಪಾರು ಈಗ ಹೆಂಗದಾರ?

ಕೋಡ್ ಕೂಲಿ

ಚೆನ್ನಾಗಿದ್ದಾರೆ ಅಣ್ಣಾ. ಆ ಫೈನಾನ್ಸಿನವರು ಪಕ್ಕದ ಬೀದಿಯಲ್ಲೇ ಇದ್ದಾರೆ. ಎದುರು ಸಿಕ್ಕರೆ ಅಪ್ಪ ಇವತ್ತಿಗೂ ನಮಸ್ಕಾರ ಮಾಡುತ್ತಾರೆ. ನನಗೆ ಉರಿಯುತ್ತೆ.

ಸಂಜೆ ಓದು

ನಾನು ಇಂಗ್ಲಿಷ್ ಮೇಡಂ. ಪಾಠ ಮಾಡುವ ಚಾಳಿ ಇದೆ, ಸಹಿಸಿಕೊಳ್ಳಿ.

ನಾರಾಯಣ್ ಬರೆದ ಸೋಲುಗಳ ಸಾಲನ್ನೇ ಒಮ್ಮೆ ನೋಡಿ. ‘ಮಿಸ್ಟರ್ ಸಂಪತ್’ (1949) ಕಾದಂಬರಿಯ ಶ್ರೀನಿವಾಸ ‘ದಿ ಬ್ಯಾನರ್’ ಅಂತ ಪತ್ರಿಕೆ ಮಾಡಿ ಲೋಕ ತಿದ್ದಲು ಹೊರಡುತ್ತಾನೆ. ಮುದ್ರಕ ಸಂಪತ್ ಅದನ್ನು ನಿಲ್ಲಿಸಿ ಅವನನ್ನು ಸಿನಿಮಾ ಕಥೆ ಬರೆಯಲು ಎಳೆದುಕೊಂಡು ಹೋಗುತ್ತಾನೆ. ‘ದಿ ಗೈಡ್’ (1958) ಕಾದಂಬರಿಯ ರಾಜು ರೈಲ್ವೆ ಸ್ಟೇಷನ್ನಿನ ಅಂಗಡಿಯಿಂದ ಶುರುಮಾಡಿ ಗೈಡು, ಮ್ಯಾನೇಜರು, ಕೈದಿ, ಕೊನೆಗೆ ಮನಸ್ಸಿಲ್ಲದ ಸ್ವಾಮೀಜಿ. 1967ರ ‘ದಿ ವೆಂಡರ್ ಆಫ್ ಸ್ವೀಟ್ಸ್’ನಲ್ಲಿ ಮಿಠಾಯಿ ಜಗನ್ನನ ಮಗ ಮಾಲಿ ಅಮೆರಿಕಕ್ಕೆ ಹೋಗಿ ಬಂದು ಕಥೆ ಬರೆಯುವ ಯಂತ್ರ ಮಾಡುತ್ತೇನೆ ಅನ್ನುತ್ತಾನೆ. ಟಿವಿಯ ‘ಮಾಲ್ಗುಡಿ ಡೇಸ್’ನಲ್ಲಿ ಜಗನ್ ಆಗಿ ಅನಂತ್ ನಾಗ್ ಇದ್ದರಲ್ಲ, ಅದೇ.

ಈ ಗಂಡಸರೆಲ್ಲ ಸೋತರೆ ನಗು ಬರುತ್ತದೆ. ಈಗ ‘ದಿ ಡಾರ್ಕ್ ರೂಮ್’ (1938) ತೆಗೆದುಕೊಳ್ಳಿ. ಸಾವಿತ್ರಿಯ ಗಂಡ ರಮಣಿ ವಿಮಾ ಕಂಪನಿಯಲ್ಲಿ ಅಧಿಕಾರಿ, ಆಫೀಸಿಗೆ ಬಂದ ಹೆಂಗಸಿನ ಹಿಂದೆ ಬೀಳುತ್ತಾನೆ. ಸಾವಿತ್ರಿ ಮನೆ ಬಿಟ್ಟು ಹೊರಡುತ್ತಾಳೆ, ನದಿಗೆ ಇಳಿಯುತ್ತಾಳೆ. ಬೀಗ, ಕೊಡೆ ರಿಪೇರಿ ಮಾಡುವ ಮಾರಿ ಅವಳನ್ನು ಎಳೆದು ಉಳಿಸುತ್ತಾನೆ. ದೇವಸ್ಥಾನದಲ್ಲಿ ಕೆಲಸ ಮಾಡಿಕೊಂಡು ತನ್ನ ಅನ್ನ ತಾನೇ ದುಡಿಯಬೇಕು ಅಂತ ನೋಡುತ್ತಾಳೆ. ಆಗುವುದಿಲ್ಲ. ಮಕ್ಕಳ ನೆನಪು. ವಾಪಸ್ ಬರುತ್ತಾಳೆ. ಒಂದು ದಿನ ಮಾರಿ ಅದೇ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಾನೆ. ಕರೆಯಬೇಕು ಅನ್ನಿಸುತ್ತದೆ, ಕರೆಯದೆ ಬಿಡುತ್ತಾಳೆ. ಕಿಟಕಿಯ ಹತ್ತಿರ ನಿಂತಿರುತ್ತಾಳೆ.

ಅವಳೂ ಹೊರಟ ಜಾಗಕ್ಕೇ ವಾಪಸ್ ಬಂದಳು. ಅಲ್ಲಿ ಯಾರಿಗಾದರೂ ನಗು ಬಂತಾ? ಮಾರ್ಗಯ್ಯನಿಗೆ ವಾಪಸ್ ಬರಲು ಒಂದು ಮರ, ಒಂದು ಪೆಟ್ಟಿಗೆ ಇದೆ. ಸಾವಿತ್ರಿಗೆ ಇರುವುದು ಅದೇ ಕತ್ತಲೆ ಕೋಣೆ. ಅದೇ ಲೇಖಕ, ಅದೇ ಊರು. ಗಂಡಸರ ಸೋಲಿಗೆ ವಿಡಂಬನೆಯ ಮೆತ್ತೆ ಹಾಸಿ, ಹೆಂಗಸಿನ ಸೋಲನ್ನು ಬರಿ ನೆಲದ ಮೇಲೆ ಇಟ್ಟಿದ್ದಾರೆ. ಅವರಿಗೆ ಗೊತ್ತಿದ್ದೇ ಮಾಡಿದ್ದು ಅಂತ ನನ್ನ ನಂಬಿಕೆ.

ಹಾಗೆಯೇ ಮಾರ್ಗಯ್ಯನ ಹೆಂಡತಿ ಮೀನಾಕ್ಷಿ. 40 ದಿನ ಗಂಡ ಜಪಕ್ಕೆ ಕೂತಾಗ ಅಡುಗೆಮನೆ ಹೇಗೆ ನಡೆಯಿತು ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ?

ಸುಮ್ನೆ ಒಬ್ಬ

ಕಥೆ ಬರೆಯುವ ಯಂತ್ರ ಈಗ ಬಂದೇಬಿಟ್ಟಿದೆಯಲ್ಲ ಮೇಡಂ. ಮಾಲಿ 50-60 ವರ್ಷ ಬೇಗ ಹುಟ್ಟಿದ. ಇವತ್ತಾಗಿದ್ದರೆ ಬೆಂಗಳೂರಿನಲ್ಲಿ ಆಫೀಸ್ ತೆಗೆದಿರ್ತಿದ್ದ.

ಕೋಡ್ ಕೂಲಿ

ತೆಗೆದಿದ್ದಾನೆ. ನಾನು ಅಲ್ಲೇ ಕೆಲಸ ಮಾಡೋದು.

ಹಳೇಪುಸ್ತಕದ ಹುಚ್ಚ

ಮೇಡಂ, ಮೀನಾಕ್ಷಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಮೂರು ಸಲ ಓದಿದ್ದೇನೆ ಅಂತ ಜಂಬ ಕೊಚ್ಚಿದ್ದಕ್ಕೆ ಸರಿಯಾಗಿ ಆಯಿತು.

ಹುಬ್ಬಳ್ಳಿಯವರ ತಕರಾರನ್ನು ಹೆಚ್ಚುಕಡಿಮೆ ಲೇಖಕ ವಿ. ಎಸ್. ನೈಪಾಲ್ ಕೂಡ ಎತ್ತಿದ್ದಾರೆ. 1977ರಲ್ಲಿ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ‘ಮಿಸ್ಟರ್ ಸಂಪತ್’ ಮತ್ತು ಮಿಠಾಯಿ ಜಗನ್ನನ ಕಾದಂಬರಿ ಎರಡನ್ನೂ ಹಿಡಿದು, ಈ ಸುಮ್ಮನಿರುವಿಕೆ, ಎಲ್ಲದರಿಂದ ಹಿಂದೆ ಸರಿಯುವುದು ಸೋಲನ್ನು ಒಪ್ಪಿಕೊಳ್ಳುವ ಹಿಂದೂ ಸ್ವಭಾವ ಅನ್ನುವ ಧಾಟಿಯಲ್ಲಿ ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಜಗನ್ ಬೇಕಾದರೆ ಹಿಂದೆ ಸರಿಯುತ್ತಾನೆ. ಮಾರ್ಗಯ್ಯ ಎಲ್ಲಿ ಸರಿದ? ಹಾಸಿಗೆ ಹಿಡಿದವನು ಮರುದಿನದ ವ್ಯಾಪಾರದ ಯೋಚನೆಯಲ್ಲಿದ್ದಾನೆ. ಅದು ವೈರಾಗ್ಯವಾದರೆ ನಮ್ಮ ದೇವರಾಜ ಮಾರುಕಟ್ಟೆಯವರೆಲ್ಲ ಸನ್ಯಾಸಿಗಳೇ.

ಇನ್ನೊಂದು. ನಾರಾಯಣ್ ಸೋಲನ್ನು ದೂರದಿಂದ ನೋಡಿ ನಕ್ಕವರಲ್ಲ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಅಪ್ಪ ಹೆಡ್‌ಮಾಸ್ಟರ್, ಮಗ ಫೇಲ್. ಆ ವರ್ಷ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪುಸ್ತಕ ಹಿಡಿದುಕೊಂಡು ಅಲೆದರು. ಬಿಎ ಮುಗಿದ ಮೇಲೆ ಚನ್ನಪಟ್ಟಣದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು, ಬಿಟ್ಟು ಓಡಿಬಂದರು. ಮೊದಲ ಕಾದಂಬರಿ ಶುರುಮಾಡಲು ದಿನ ನೋಡಿಕೊಟ್ಟಿದ್ದು ಅಜ್ಜಿ. ಆ ಒಳ್ಳೆ ದಿನ ಒಂದು ನೋಟ್‌ಬುಕ್ ಕೊಂಡು ಕೂತಾಗ ಮಾಲ್ಗುಡಿ ಸ್ಟೇಷನ್ ಕಣ್ಣಿಗೆ ಬಂತಂತೆ. ಮಾರ್ಗಯ್ಯ ಮುಹೂರ್ತ ನೋಡಿ ಜಪಕ್ಕೆ ಕೂತ ಪುಟಗಳನ್ನು ಇದರ ಪಕ್ಕ ಇಟ್ಟು ಓದಿ ನೋಡಿ.

ಆ ಕಾದಂಬರಿಯನ್ನೂ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅಂತ ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆಗಿ ಬಂತು. ಬಂತು ಅಷ್ಟೇ, ಮಾರಾಟ ಆಗಲಿಲ್ಲ. ಮುಂದೆ ಯುದ್ಧದ ಕಾಲದಲ್ಲಿ ‘ಇಂಡಿಯನ್ ಥಾಟ್’ ಅಂತ ಸ್ವಂತ ಪತ್ರಿಕೆ ಮಾಡಿದರು. ಮದ್ರಾಸಿನಲ್ಲೇ ಸಾವಿರಕ್ಕೂ ಜಾಸ್ತಿ ಚಂದಾದಾರರು. ಆದರೂ ವರ್ಷ ತುಂಬುವುದರೊಳಗೆ ಕೈಸೋತು ನಿಲ್ಲಿಸಿದರು. ‘ದಿ ಬ್ಯಾನರ್’ ನಿಂತ ಕಥೆ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಹುಬ್ಬಳ್ಳಿ ಮಂದಿ

ಪತ್ರಿಕೆ ಕಥಿ ಗೊತ್ತಿರಲಿಲ್ಲ. ಸ್ವಲ್ಪ ಇಳಿದೆ ನಾನು. ಪೂರ್ತಿ ಇಳಿದಿಲ್ಲ ಮತ್ತ.

ಅಂದಂಗ ನಾ ಮಾರ್ಗಯ್ಯನ ಮೊದಲ ನೋಡಿದ್ದು ಸಿನಿಮಾದಾಗ. 1983ರ ‘ಬ್ಯಾಂಕರ್ ಮಾರ್ಗಯ್ಯ’. ನಾಗಾಭರಣ ಅವರ ನಿರ್ದೇಶನ, ಲೋಕೇಶ್ ಮಾರ್ಗಯ್ಯ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿನೂ ಬಂತು. ನನ್ನ ತಲಿಯೊಳಗ ಮಾರ್ಗಯ್ಯ ಅಂದ್ರ ಲೋಕೇಶ್ ಅವರೇ. ಪುಸ್ತಕ ಓದೂಮುಂದನೂ ಅವರದೇ ಮುಖ. ಕಥಿ ಅಲ್ಲಿ ಕನ್ನಡ ಮಾತಾಡಿದಾಗ ಒಂದು ಬ್ಯಾರೆನೇ ರುಚಿ. ಇಂಗ್ಲಿಷಿನಾಗ ‘ಮನಿ’ ಅನ್ನೋದಕ್ಕೂ ‘ರೊಕ್ಕ’ ಅನ್ನೋದಕ್ಕೂ ಫರಕ್ ಐತಿ.

ಸಂಜೆ ಓದು

ಇದು ಒಪ್ಪುವ ಮಾತು. ಮಾರ್ಗಯ್ಯ ಯೋಚನೆ ಮಾಡುವುದು ಇಂಗ್ಲಿಷಿನಲ್ಲಿ ಅಲ್ಲವೇ ಅಲ್ಲ. ನಾರಾಯಣ್ ಅದನ್ನು ಸಪ್ಪೆ ಇಂಗ್ಲಿಷಿಗೆ ಇಳಿಸಿಕೊಂಡರು, ಉಪ್ಪು ಖಾರ ನಾವು ಹಾಕಿಕೊಂಡು ಓದುತ್ತೇವೆ.

ಆದರೂ ವಿಡಂಬನೆ ಚುಚ್ಚುವುದಿಲ್ಲ ಅಂದವರಿಗೆ ಒಂದು ಭಾಗ ನೆನಪಿಸುತ್ತೇನೆ. ಬಾಲು ಓಡಿಹೋಗಿದ್ದಾನೆ. ಮದ್ರಾಸಿನಿಂದ ಒಂದು ಕಾಗದ ಬರುತ್ತದೆ, ಮಗ ತೀರಿಕೊಂಡ ಅಂತ. ಮನೆಯಲ್ಲಿ ಅಳು. ಗೋಡೆಯಾಚೆ ಇದ್ದ, ಮಾತು ಬಿಟ್ಟ ಅಣ್ಣನ ಮನೆಯವರೂ ಓಡಿ ಬರುತ್ತಾರೆ. ಮಾರ್ಗಯ್ಯ ಮೂರನೇ ದರ್ಜೆಯಲ್ಲಿ ಕೂತು ಮದ್ರಾಸಿಗೆ ಹೊರಡುತ್ತಾನೆ. ರೈಲಿನಲ್ಲಿ ಸಿಕ್ಕ ಮಫ್ತಿ ಪೊಲೀಸ್ ಅಧಿಕಾರಿ ಆ ಕಾಗದ ಬರೆದವನನ್ನು ಪತ್ತೆ ಮಾಡುತ್ತಾನೆ. ನೋಡಿದರೆ ಅವನೊಬ್ಬ ತಲೆಕೆಟ್ಟ ಸಾಹುಕಾರ, ಸಾವಿನ ಸುದ್ದಿ ಬರೆದು ಹಂಚುವುದೇ ಅವನ ಸೇವೆ! ಬಾಲು ಬದುಕಿದ್ದಾನೆ.

ಇಷ್ಟಾದ ಮೇಲೆ ಅಪ್ಪ ಬದಲಾಗಬೇಕಿತ್ತಲ್ಲ? ಮಗನಿಗೆ ಮದುವೆ ಮಾಡಲು ಜಾತಕ ತೋರಿಸುತ್ತಾನೆ, ಕೂಡಿಬರುವುದಿಲ್ಲ. ಡಾಕ್ಟರ್ ಪಾಲ್ ಬೇರೆ ಜೋಯಿಸರನ್ನು ಹಿಡಿಯುತ್ತಾನೆ, ದುಡ್ಡು ಕೊಟ್ಟರೆ ಅದೇ ಜಾತಕ ಕೂಡಿಬರುತ್ತದೆ. 40 ದಿನ ಲಕ್ಷ್ಮಿಯನ್ನು ನಂಬಿ ಮೈ ಸವೆಸಿದವನು ಈಗ ಗ್ರಹಗಳಿಗೇ ಲಂಚ ಕೊಡುತ್ತಿದ್ದಾನೆ. ನಗುತ್ತಾ ಓದಿದರೆ ಕುಶಾಲು. ನಾನಂತೂ ಅಲ್ಲಿ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯ ಒಂದು ಮದುವೆ ನೆನಪಾಯಿತು.

ಸುಮ್ನೆ ಒಬ್ಬ

ಯಾರ ಮದುವೆ ಮೇಡಂ?

ಸಂಜೆ ಓದು

ಹೋಂವರ್ಕ್ ಮಾಡಿ ಹೋಗಪ್ಪ.

ಕೋಡ್ ಕೂಲಿ

ನನಗೆ ಇನ್ನೂ ಕಾಡುವುದು ದಿವಾಳಿ ಆಗುವ ಕಾರಣ. ಪಾಲ್ ಬಾಲುವನ್ನು ಇಸ್ಪೀಟು, ರಾತ್ರಿ ಮಜಾ ಅಂತ ಹಾಳು ಮಾಡುತ್ತಿದ್ದಾನೆ ಅಂತ ಗೊತ್ತಾದ ಕೂಡಲೇ ಮಾರ್ಗಯ್ಯ ಚಪ್ಪಲಿ ತೆಗೆದು ಅವನಿಗೆ ಬಾರಿಸುತ್ತಾನೆ. ಇಡೀ ಪುಸ್ತಕದಲ್ಲಿ ಲೆಕ್ಕ ಹಾಕದೆ ಅವನು ಮಾಡಿದ ಕೆಲಸ ಇದೊಂದೇ ಇರಬೇಕು. ಹೊಡೆಸಿಕೊಂಡ ಪಾಲ್ ಊರೆಲ್ಲ ಸುತ್ತಿ ಮಾರ್ಗಯ್ಯನ ಹತ್ತಿರ ದುಡ್ಡಿಲ್ಲ ಅಂತ ಕಿವಿಯಲ್ಲಿ ಊದುತ್ತಾನೆ. ಮರುದಿನ ಮನೆ ಮುಂದೆ ಜನ. ಅಂದರೆ ಮೋಸದಿಂದ ಅವನು ಬೀಳಲಿಲ್ಲ, ಅಪ್ಪ ಆಗಿದ್ದಕ್ಕೆ ಬಿದ್ದ. ಬಹುಶಃ ಅದಕ್ಕೇ ನಾರಾಯಣ್ ಅವನನ್ನು ಕೊನೆಯಲ್ಲಿ ಜಾಸ್ತಿ ಹೊಡೆಯಲಿಲ್ಲ.

ಹಳೇಪುಸ್ತಕದ ಹುಚ್ಚ

ಇದಕ್ಕೇ ನಾನು ಇಲ್ಲಿ ಬಂದು ಕೇಳಿದ್ದು. ಒಪ್ಪಿದೆ. ಆದರೆ ಠೇವಣಿ ಇಟ್ಟವರ ಕಡೆಯಿಂದ ನೋಡಿದರೆ, ನಿಮ್ಮ ತಂದೆಯವರ ಕಡೆಯಿಂದ ನೋಡಿದರೆ, ಇಷ್ಟು ಸಲೀಸಾಗಿ ಬಿಡಬಹುದಿತ್ತಾ ಅಂತ ಇನ್ನೂ ಒದ್ದಾಡುತ್ತಿದ್ದೇನೆ.

ಕೋಡ್ ಕೂಲಿ

ಅಪ್ಪನಿಗೇ ಓದಿ ಹೇಳಿದೆ ಮೊನ್ನೆ ಭಾನುವಾರ, ಕೊನೆಯ ಎರಡು ಪುಟ. “ಪೆಟ್ಟಿಗೆ ಉಳಿಸಿಕೊಂಡಿದ್ದ ನೋಡು, ಜಾಣ” ಅಂದರು.

ಸುಮ್ನೆ ಒಬ್ಬ

ಗುಮಾಸ್ತ ಸರ್, ನಿಮ್ಮ ಬ್ಯಾಂಕಿನ ಮುಂದೆ ಇದ್ದವರು ಏನಾದರು? ಹೇಳಲೇ ಇಲ್ಲ.

ನಿವೃತ್ತ ಗುಮಾಸ್ತ

ತೀರಿಕೊಂಡರು. ಊರಿನಲ್ಲಿ ಎರಡು ಸೈಟ್ ಮಾಡಿದ್ದರು, ಎರಡೂ ಕೈಬಿಟ್ಟವು. ಕೊನೆಗಾಲದಲ್ಲಿ ಮತ್ತೆ ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ಕೈ ನಡುಗುತ್ತಿತ್ತು, ಫಾರಂ ಬರೆಯಲು ಆಗುತ್ತಿರಲಿಲ್ಲ. ಯಾವ ಕಲಮಿನಲ್ಲಿ ಏನು ತುಂಬಬೇಕು ಅಂತ ಬಾಯಲ್ಲಿ ಹೇಳುತ್ತಿದ್ದರು, ಟೀ ಅಂಗಡಿಯ ಹುಡುಗ ಬರೆಯುತ್ತಿದ್ದ.

ಈಗ ಬ್ಯಾಂಕಿನ ಎದುರು ಆ ಹುಡುಗನದೇ ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಬೆಳೆ ವಿಮೆ ಅರ್ಜಿ ಎಲ್ಲ ಮಾಡಿಕೊಡುತ್ತಾನೆ. ಹೋದ ವಾರ ಪಿಂಚಣಿಯ ಕಾಗದಕ್ಕೆ ನಾನೇ ಅಲ್ಲಿಗೆ ಹೋಗಿದ್ದೆ. ಬೆರಳಿಟ್ಟು ನೋಡುವ ಯಂತ್ರ ನನ್ನ ಹೆಬ್ಬೆಟ್ಟು ಹಿಡಿಯಲೇ ಇಲ್ಲ. ಅವನು ಮೇಜಿನ ಕೆಳಗಿಂದ ಒಂದು ಒದ್ದೆ ಬಟ್ಟೆ ತೆಗೆದು ಕೊಟ್ಟ. ಒರೆಸಿಕೊಂಡು ಇಟ್ಟ ಮೇಲೆ ಹಿಡಿಯಿತು. 50 ರೂಪಾಯಿ ತೆಗೆದುಕೊಂಡ.